ಕಾರವಾರದ ಓಟದ ಬಳಗ: ಟೀ ಶರ್ಟ್ ಹಂಚಿದರೆ ಸಾಕಾ?

ಕಾಳಿ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಬೇಡಿ.

ಕಾರವಾರದಲ್ಲಿ ನಾವೊಂದಿಷ್ಟು ಜನ ಸೇರಿ ಓಡುತ್ತೇವೆ. ದೊಡ್ಡ ಕ್ಲಬ್ಬೇನಲ್ಲ. ಒಂದು ವಾಟ್ಸಾಪ್ ಗುಂಪು, ವರ್ಷಕ್ಕೊಂದು ಟೀ ಶರ್ಟ್, ಭಾನುವಾರ ಓಟ ಮುಗಿದ ಮೇಲೆ ಬನ್ಸು, ಭಾಜಿ. ವಾರದ ದಿನ ಬೆಳಿಗ್ಗೆ ಐದೂಕಾಲಿಗೆ ಬೀಚಿನಲ್ಲಿಟ್ಟಿರುವ ಹಳೆ ಯುದ್ಧನೌಕೆ ಚಾಪಲ್ ಹತ್ತಿರ ಸೇರಿ ಕೋಡಿಬಾಗದ ಕಡೆ ಹೋಗಿ ಬರುತ್ತೇವೆ.

ಕಳೆದ ಮಂಗಳವಾರ ನಮ್ಮಲ್ಲೊಬ್ಬರಿಗೆ ಸ್ಕೂಟರ್ ಗುದ್ದಿತು. ದೀಪ ಆರಿದ್ದ ಜಾಗ. ಹಿಂದಿನಿಂದ ಬಂದ, ಗುದ್ದಿದ, ನಿಲ್ಲಿಸದೇ ಹೋದ. ನಂಬರ್ ಓದುವಷ್ಟು ಬೆಳಕೂ ಇರಲಿಲ್ಲ. ಕುತ್ತಿಗೆ ಕೆಳಗಿನ ಕಾಲರ್ ಬೋನ್ ಮುರಿದಿದೆ. ಈಗ ಮನೆಯಲ್ಲಿದ್ದಾರೆ, ಮಾತಾಡುತ್ತಿದ್ದಾರೆ, ಬಯ್ಯುತ್ತಲೂ ಇದ್ದಾರೆ. ಅಷ್ಟರಮಟ್ಟಿಗೆ ಆರಾಮ.

ಆ ಜಾಗದ ದೀಪ ಹಾಳಾಗಿಲ್ಲ. ರಾತ್ರಿ ಉರಿಯುತ್ತದೆ. ಬೆಳಿಗ್ಗೆ ಐದಕ್ಕೇ ಆರಿಹೋಗುತ್ತದೆ. ಇದನ್ನು ಹೇಳೋಣ ಎಂದು ಒಂದು ಕಚೇರಿಗೆ ಹೋದೆ. "ಆ ರಸ್ತೆ ನಮ್ಮದಲ್ಲ" ಎಂದರು. ಎರಡನೇ ಕಚೇರಿಯಲ್ಲಿ "ರಸ್ತೆ ನಮ್ಮದು, ಕಂಬ ನಮ್ಮದಲ್ಲ" ಎಂದರು. ಮೂರನೇ ಕಡೆ ಒಬ್ಬರು ಕನ್ನಡಕ ತೆಗೆದು ಕೇಳಿದರು: "ಅಷ್ಟು ಬೆಳಿಗ್ಗೆ ನೀವು ಓಡುವುದು ಯಾಕೆ?"

ಇದನ್ನು ಗುಂಪಲ್ಲಿ ಹಾಕಿದೆ. ಅರ್ಧ ಜನ "ನಾವು ಓಡಲಿಕ್ಕೆ ಬಂದವರು, ಕಚೇರಿ ಸುತ್ತಲಿಕ್ಕಲ್ಲ" ಎಂದರು. ಇನ್ನರ್ಧ ಹೆಬ್ಬೆರಳು ಒತ್ತಿ ಸುಮ್ಮನಾದರು. ನನ್ನ ಪ್ರಶ್ನೆ ಇಷ್ಟೇ. ಓಟದ ಕ್ಲಬ್ ಎಂದಮೇಲೆ ಓಡುವವರ ಪರ ನಿಲ್ಲಬೇಕಾ ಬೇಡವಾ? ನಿಲ್ಲುವುದಾದರೆ ಹೇಗೆ? ಬೇರೆ ಊರಲ್ಲಿ ಮಾಡಿದವರಿದ್ದರೆ ಹೇಳಿ.

ಬನ್ಸ್ ಪ್ರೇಮಿ

ಮೊದಲು ಹೇಳಿ, ಬನ್ಸ್ ಎಲ್ಲಿ ತಿನ್ನುತ್ತೀರಿ? ಓಡದೇ ಬಂದರೆ ನಡೆಯುತ್ತದಾ?

ಘಟ್ಟದ ಮೇಲಿನವ

ಮೂಳೆ ಮುರಿದವರು ಬೇಗ ಹುಷಾರಾಗಲಿ. ನಾನು ಶಿರಸಿಯವ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಅವರು ರಸ್ತೆಯ ಯಾವ ಬದಿಯಲ್ಲಿ ಓಡುತ್ತಿದ್ದರು? "ಹಿಂದಿನಿಂದ ಬಂದ" ಎಂದಿರಿ. ಹಾಗಾದರೆ ಎಡಬದಿ. ನಮ್ಮಲ್ಲಿ ಗಾಡಿ ಎಡಕ್ಕೆ ಹೋಗುತ್ತದೆ. ಫುಟ್‌ಪಾತ್ ಇಲ್ಲದ ಕಡೆ ಓಡುವವನು ಬಲಬದಿ ಹಿಡಿಯಬೇಕು. ಆಗ ಬರುವ ಗಾಡಿ ಕಣ್ಣೆದುರಿಗೇ ಇರುತ್ತದೆ. ಹಾರಿ ಪಕ್ಕಕ್ಕಾದರೂ ಬೀಳಬಹುದು.

ಕಾಳಿ ದಂಡೆ

ಎಡಬದಿಯೇ. ಒಪ್ಪಿದೆ. ನಮ್ಮಲ್ಲಿ ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ.

ನಿವೃತ್ತ ಮಾಸ್ತರ್

ಹೇಳಿಕೊಡದಿದ್ದರೆ ಕ್ಲಬ್ ಯಾಕೆ ಮತ್ತೆ? ಮೊದಲ ಕೆಲಸ ಅದೇ ಅಲ್ಲವೇ?

ಸುಮ್ನೆ ಕೂತವ

ಕತ್ತಲಲ್ಲಿ ಕಪ್ಪು ಬಟ್ಟೆ ಹಾಕಿಕೊಂಡು ರಸ್ತೆ ಮಧ್ಯೆ ಓಡುವುದು. ಆಮೇಲೆ ಸರಕಾರಕ್ಕೆ ಬಯ್ಯುವುದು. ಮನೆಯಲ್ಲಿ ಒಂದು ಟ್ರೆಡ್‌ಮಿಲ್ ಹಾಕಿಕೊಳ್ಳಿ ಮಾರಾಯ್ರೆ. ಎಲ್ಲರಿಗೂ ನೆಮ್ಮದಿ.

ಬನ್ಸ್ ಪ್ರೇಮಿ

ಟ್ರೆಡ್‌ಮಿಲ್ ಓಡಲಿಕ್ಕೆ ಕರೆಂಟ್ ಬೇಕಲ್ಲ ಅಣ್ಣ. ಮಳೆಗಾಲದಲ್ಲಿ ಇಲ್ಲಿ ಗಾಳಿ ಬಂದರೆ ಮೊದಲು ಹೋಗುವುದು ಅದೇ.

ಕಾಳಿ ದಂಡೆ

ಬಟ್ಟೆ ಕಪ್ಪು ಇರಲಿಲ್ಲ. ನಮ್ಮ ಕ್ಲಬ್ಬಿನದೇ ಟೀ ಶರ್ಟ್. ಗಾಢ ನೀಲಿ. (ಹೌದು, ಬರೆಯುವಾಗ ನನಗೂ ನಾಚಿಕೆಯಾಯಿತು. ಸಮುದ್ರದ ಬಣ್ಣ ಎಂದು ನಾವೇ ವೋಟ್ ಹಾಕಿ ಆರಿಸಿದ್ದು.)

ಕಪ್ಪು ಕೋಟು

ದೀಪದ ವಿಷಯ ಆಮೇಲೆ. ಗಾಯಾಳುವಿಗೆ ಸಂಬಂಧಿಸಿದ್ದು ಮೊದಲು. ಪೊಲೀಸ್ ದೂರು ಕೊಟ್ಟಿದ್ದೀರಾ? ನಂಬರ್ ಸಿಗಲಿಲ್ಲ ಎಂದು ತುಂಬಾ ಜನ ದೂರೇ ಕೊಡುವುದಿಲ್ಲ. ತಪ್ಪು.

ಗುದ್ದಿ ಓಡಿಹೋದ, ಪತ್ತೆಯಾಗದ ವಾಹನಕ್ಕೆಂದೇ ಪರಿಹಾರ ಯೋಜನೆ ಇದೆ. ಮೋಟಾರು ವಾಹನ ಕಾಯ್ದೆಯ 161ನೇ ಕಲಂ. 2022ರ ಏಪ್ರಿಲ್ 1ರಿಂದ ಮೊತ್ತ ಹೆಚ್ಚಾಗಿದೆ. ಸಾವಾದರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಹತ್ತಿರ. ದೂರಿನ ಪ್ರತಿ, ಆಸ್ಪತ್ರೆಯ ಕಾಗದ, ಎಕ್ಸ್‌ರೇ ವರದಿ ಜೋಪಾನವಾಗಿ ಇಟ್ಟುಕೊಳ್ಳಿ. "ಬಿದ್ದು ಪೆಟ್ಟಾಯಿತು" ಎಂದು ಆಸ್ಪತ್ರೆಯಲ್ಲಿ ಬರೆಸಿದ್ದರೆ ಕಷ್ಟ. ಏನೆಂದು ಬರೆಸಿದ್ದೀರಿ?

ಕಾಳಿ ದಂಡೆ

ಸ್ಕೂಟರ್ ಗುದ್ದಿತು ಎಂದೇ ಬರೆಸಿದ್ದೇವೆ. ದೂರು ಮಾತ್ರ ಕೊಟ್ಟಿಲ್ಲ. ಇವತ್ತೇ ಹೋಗುತ್ತೇವೆ. ಸರ್, ಇದು ನಮಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್.

ಕಪ್ಪು ಕೋಟು

ಹೋಗಿ. ಇನ್ನೊಂದು ಮಾತು. ರಸ್ತೆ ಅಪಘಾತದವರಿಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ. ಬಿದ್ದವರನ್ನು ಎತ್ತಿಕೊಂಡು ಹೋದವರಿಗೂ ರಕ್ಷಣೆ ಇದೆ, ಅದೇ ಮೋಟಾರು ವಾಹನ ಕಾಯ್ದೆಯ 134ಎ ಕಲಂ. "ಸುಮ್ನೆ ಯಾಕೆ ಕೋರ್ಟು ಕಚೇರಿ" ಎಂದು ಹೆದರಿ ಯಾರೂ ನಿಂತು ನೋಡಬೇಕಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗುಂಪಿನಲ್ಲಿ ಪಿನ್ ಮಾಡಿ ಇಡಿ.

ಸದಾಶಿವಗಡದಾಚೆ

ನಾವು ಮೊದಲು ಕಾಳಿ ನದಿಯ ಸೇತುವೆ ಮೇಲೆ ಓಡುತ್ತಿದ್ದೆವು. ಸದಾಶಿವಗಡದಿಂದ ಕೋಡಿಬಾಗಕ್ಕೆ ಬಂದು ವಾಪಸ್. ಸೂರ್ಯ ಗುಡ್ಡದ ಹಿಂದಿನಿಂದ ಬರುವಾಗ ಕಾಳಿ ನೋಡಬೇಕು ನೀವು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆ ಸೇತುವೆ ಕುಸಿಯಿತು. ಲಾರಿ ನದಿಗೆ ಬಿತ್ತು, ಚಾಲಕ ಬದುಕಿದ್ದೇ ದೊಡ್ಡದು. ಅದಾದ ಮೇಲೆ ಹೋಗುವ ಗಾಡಿ ಬರುವ ಗಾಡಿ ಎರಡೂ ಹೊಸ ಸೇತುವೆ ಮೇಲೆ. ನನಗಂತೂ ಅಲ್ಲಿ ಓಡಲು ಧೈರ್ಯವಾಗಲಿಲ್ಲ. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಒಂದೇ ಊರಿನ ಓಟಗಾರರು ಎರಡು ಊರಿನವರಾದೆವು.

ಆ ಜಾಗಕ್ಕೆ ಸೇತುವೆ ಕಟ್ಟುವಾಗ ನಡೆಯುವವರಿಗೆ ಎಷ್ಟು ಅಗಲ ಬಿಡುತ್ತೀರಿ ಎಂದು ಕೇಳಬೇಕಾದ್ದು ಕಟ್ಟುವ ಮೊದಲು. ಕಾಂಕ್ರೀಟ್ ಒಣಗಿದ ಮೇಲೆ ಮನವಿ ಕೊಟ್ಟು ಏನು ಪ್ರಯೋಜನ?

ಬೆಂಗಳೂರು ಕಾರವಾರಿ

ಬೆಂಗಳೂರಿನ ಓಟದ ಗುಂಪುಗಳನ್ನು ನೋಡಿ ಕಲಿಯಿರಿ. ಇಲ್ಲಿ 2008ರಿಂದ ವಿಶ್ವ 10ಕೆ ಓಟ ನಡೆಯುತ್ತಿದೆ. ಹೊರದೇಶದವರು ಬಂದು ಓಡುತ್ತಾರೆ. ನಮ್ಮ ಟಾಗೋರ್ ಬೀಚಿನಲ್ಲೂ ಒಂದು ದೊಡ್ಡ ಮ್ಯಾರಥಾನ್ ಮಾಡಿಬಿಡಿ. 5 ಕಿಮೀ, 10 ಕಿಮೀ ಮ್ಯಾರಥಾನ್. ಹೆಸರು ಬಂದರೆ ದೀಪ ತಾನಾಗಿ ಬರುತ್ತದೆ.

ನಿವೃತ್ತ ಮಾಸ್ತರ್

5 ಕಿಮೀ ಮ್ಯಾರಥಾನ್ ಎಂಬುದು ಇಲ್ಲ. ಮ್ಯಾರಥಾನ್ ಎಂದರೆ 42.195 ಕಿಮೀ. ಮೊದಲು ಇಷ್ಟು ದೂರ ಓಡಿಸಿದ್ದು 1908ರ ಲಂಡನ್ ಒಲಿಂಪಿಕ್ಸಿನಲ್ಲಿ. 1921ರಲ್ಲಿ ಅದೇ ಅಳತೆ ಖಾಯಂ ಆಯಿತು. ಊರೂರಲ್ಲಿ ಬ್ಯಾನರ್ ಮೇಲೆ "3 ಕಿಮೀ ಮ್ಯಾರಥಾನ್" ನೋಡಿ ನೋಡಿ ನನಗೆ ಸಾಕಾಗಿದೆ.

ಬೆಂಗಳೂರು ಕಾರವಾರಿ

ಸರ್, ಭಾವ ಅರ್ಥವಾದರೆ ಸಾಕಲ್ಲ.

ನಿವೃತ್ತ ಮಾಸ್ತರ್

ಗಣಿತದಲ್ಲಿ ಭಾವಕ್ಕೆ ಅಂಕ ಇಲ್ಲ.

ಕಾಳಿ ದಂಡೆ

ಹಬ್ಬದಂಥ ಓಟ ಮಾಡಿದರೆ ಒಂದು ದಿನ ರಸ್ತೆ ಖಾಲಿ ಮಾಡಿಸಿಕೊಡುತ್ತಾರೆ, ಆಂಬುಲೆನ್ಸ್ ನಿಲ್ಲಿಸುತ್ತಾರೆ, ಎಲ್ಲ ಸರಿ. ಉಳಿದ 364 ದಿನ?

1600 ಮೀಟರ್

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯುತ್ತೇನೆ.

ನಾನೂ ಅದೇ ರಸ್ತೆಯಲ್ಲಿ ಓಡುವವನು. ನಿಮ್ಮ ಕ್ಲಬ್ಬಿನವನಲ್ಲ. ನಿಮ್ಮ ವಾರ್ಷಿಕ ಶುಲ್ಕ ನನ್ನ ಒಂದು ಜೊತೆ ಬೂಟಿನ ರೇಟು. ನಾನು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಜೊತೆಗಿರುವ ಇಬ್ಬರು ಅಗ್ನಿವೀರ್‌ಗೆ ಹೋಗುವವರು. ಅವರದು ಇನ್ನೂ ಕಷ್ಟ. 1.6 ಕಿಮೀ ಐದೂವರೆ ನಿಮಿಷದಲ್ಲಿ ಓಡಿದರೆ ಮಾತ್ರ ಪೂರ್ತಿ 60 ಅಂಕ. ಇನ್ನೊಬ್ಬ ಅರೆಸೇನಾ ಪಡೆಗೆ, 5 ಕಿಮೀ 24 ನಿಮಿಷ. ನಮಗೆ ಓಟ ಹವ್ಯಾಸ ಅಲ್ಲ. ಹತ್ತು ಸೆಕೆಂಡ್ ಹೆಚ್ಚಾದರೆ ಒಂದು ವರ್ಷ ಹೋಯಿತು.

ನೀವು ಭಾನುವಾರ ಫೋಟೋ ತೆಗೆದುಕೊಳ್ಳುವಾಗ ನಾವು ಪಕ್ಕದಲ್ಲೇ ಓಡಿಹೋಗುತ್ತೇವೆ. ಒಮ್ಮೆ ನಿಮ್ಮಲ್ಲೊಬ್ಬರು "ಸ್ವಲ್ಪ ಆ ಕಡೆ ಹೋಗಪ್ಪ, ಫ್ರೇಮಲ್ಲಿ ಬರ್ತಿದೀಯ" ಎಂದಿದ್ದರು. ಈಗ "ಓಡುವವರ ಪರ" ಎಂದು ಬರೆದಿದ್ದೀರಿ. ಆ ಓಡುವವರಲ್ಲಿ ನಾವಿದ್ದೇವಾ?

ರಂಪಣಿ ಹುಡುಗ

ಭಲೇ ಭಲೇ. ಇದಕ್ಕೇ ಕಾಯುತ್ತಿದ್ದೆ.

ಬೆಂಗಳೂರು ಕಾರವಾರಿ

ತಮ್ಮ, ಹಾಗೆ ಬೇಸರ ಮಾಡಿಕೊಳ್ಳಬೇಡ. ಆದರೆ ಕ್ಲಬ್ ಎಂದಮೇಲೆ ಶುಲ್ಕ ಕೊಟ್ಟ ಸದಸ್ಯರ ಕೆಲಸ ಮೊದಲು ಮಾಡಬೇಕಲ್ಲ. ಎಲ್ಲರ ಕೆಲಸ ಮಾಡಲಿಕ್ಕೆ ಹೊರಟರೆ ಯಾರದ್ದೂ ಆಗುವುದಿಲ್ಲ.

1600 ಮೀಟರ್

ದೀಪ ಹಾಕಿದರೆ ಶುಲ್ಕ ಕೊಟ್ಟವರ ಮೇಲೆ ಮಾತ್ರ ಬೆಳಕು ಬೀಳುತ್ತದಾ ಅಣ್ಣ?

ಬನ್ಸ್ ಪ್ರೇಮಿ

🔥 ನಾನಿನ್ನು ಮಾತಾಡುವುದಿಲ್ಲ. ಬರೀ ಓದುತ್ತೇನೆ.

ಕಾಳಿ ದಂಡೆ

ಫ್ರೇಮಿನ ಮಾತು ಹೇಳಿದವರು ಯಾರೇ ಇರಲಿ, ತಪ್ಪು. ನಾನು ಕ್ಷಮೆ ಕೇಳುತ್ತೇನೆ. ನಿಜ ಹೇಳಬೇಕೆಂದರೆ ನಿಮ್ಮನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಗುಂಪಲ್ಲಿ ದಿನಾ ಬರುವವರು ಹತ್ತೋ ಹನ್ನೆರಡೋ. ನೀವೆಷ್ಟು ಜನ ಇದ್ದೀರಿ?

1600 ಮೀಟರ್

ಅರ್ಜಿ ಕರೆದ ತಿಂಗಳಲ್ಲಿ ಎಣಿಸಲಿಕ್ಕಾಗುವುದಿಲ್ಲ. ಉಳಿದ ಸಮಯದಲ್ಲೂ ನಿಮಗಿಂತ ಜಾಸ್ತಿ.

ಚೂಡಿದಾರ್ ಓಟಗಾರ್ತಿ

ಹುಡುಗಿಯರ ಲೆಕ್ಕ ಯಾರೂ ಕೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಇದೇ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಹುಡುಗಿಯರಿಗೆ 400 ಮೀಟರ್ ಎರಡು ನಿಮಿಷದಲ್ಲಿ. ನನ್ನ ತಂಗಿ ತಯಾರಿ ಮಾಡುತ್ತಿದ್ದಾಳೆ. ಅವಳ ಜೊತೆ ಹೋಗಿ ಹೋಗಿ ನಾನೂ ಓಡಲು ಶುರು ಮಾಡಿದೆ. ಮೂವತ್ತಾರು ವಯಸ್ಸು, ಎರಡು ಮಕ್ಕಳು, ಚೂಡಿದಾರ್, ಕ್ಯಾನ್ವಾಸ್ ಶೂ. ನಾವು ಬೆಳಿಗ್ಗೆ ಆರೂವರೆಗೆ ಮುಂಚೆ ಮನೆಯಿಂದ ಹೊರಡುವುದಿಲ್ಲ. ಕಾರಣ ನಿಮಗೆ ಗೊತ್ತು. ಆರೂವರೆಗೆ ಹೊರಟರೆ ಏಳೂವರೆಗೆ ಮನೆ. ಮಕ್ಕಳ ಡಬ್ಬಿ ಯಾರು ಕಟ್ಟಬೇಕು? ಹಾಗಾಗಿ ವಾರಕ್ಕೆ ಎರಡೇ ದಿನ ಓಟ.

ದೀಪ ಇದ್ದರೆ ಐದೂವರೆಗೆ ಬರಬಹುದು. ಇಷ್ಟೇ ವ್ಯತ್ಯಾಸ. ನಿಮಗೆ ದೀಪ ಇಲ್ಲದಿದ್ದರೆ ಅಪಾಯ. ನಮಗೆ ದೀಪ ಇಲ್ಲದಿದ್ದರೆ ಓಟವೇ ಇಲ್ಲ.

ಇನ್ನೊಂದು, ಹೇಳಲು ಮುಜುಗರ, ಆದರೂ ಹೇಳುತ್ತೇನೆ. ಶೌಚಾಲಯ. ನಾವು ಓಡುವ ಕಡೆ ಒಂದಿದೆ, ಬೀಗ ಹಾಕಿರುತ್ತದೆ. ತೆರೆಯುವುದು ಬಿಸಿಲು ಏರಿದ ಮೇಲೆ, ಪ್ರವಾಸಿಗರು ಬರುವ ಹೊತ್ತಿಗೆ. ಊರಿನ ಹೆಂಗಸರಿಗೆ ಬೇಕಾದಾಗ ಬೀಗ. ಗಂಡಸರಿಗೆ ಇದು ಸಮಸ್ಯೆ ಎಂದು ಅನಿಸುವುದೇ ಇಲ್ಲ. ಅವರಿಗೆ ಸಮುದ್ರ ದಂಡೆ ಎಲ್ಲ ಅವರದ್ದೇ.

ಘಟ್ಟದ ಮೇಲಿನವ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಶಿರಸಿಯಲ್ಲೂ ಇದೇ ಕಥೆ. ಕೋಟೆಕೆರೆ ಸುತ್ತ ನಡೆಯುವ ಹೆಂಗಸರು ಬೆಳಕಾದ ಮೇಲೇ ಬರುವುದು.

ಸುಮ್ನೆ ಕೂತವ

ಅಷ್ಟು ಕಷ್ಟ ಇದ್ದರೆ ರಸ್ತೆ ಬಿಟ್ಟು ಮರಳಿನ ಮೇಲೆ ಓಡಿ. ಇಷ್ಟುದ್ದ ಬೀಚ್ ಇದೆ. ಸ್ಕೂಟರ್ ಬರುವುದಿಲ್ಲ.

ನಿವೃತ್ತ ಮಾಸ್ತರ್

ಒಮ್ಮೆ ಓಡಿ ನೋಡಿ, ಆಮೇಲೆ ಸಲಹೆ ಕೊಡಿ. ಒಣ ಮರಳಲ್ಲಿ ಕಾಲು ಹೂಳುತ್ತದೆ. ಗಟ್ಟಿ ಮರಳು ಸಿಗುವುದು ನೀರು ಇಳಿದಾಗ ಮಾತ್ರ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ವಾರ ಐದು ಗಂಟೆಗೆ ದಂಡೆ ಅಗಲ ಇದ್ದರೆ ಮುಂದಿನ ವಾರ ಅದೇ ಹೊತ್ತಿಗೆ ನೀರು ಮೇಲೆ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜಾಸ್ತಿ. ಮೇಲಾಗಿ ದಂಡೆ ಸಮುದ್ರದ ಕಡೆ ಓರೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಮಂಡಿಗೇ ಭಾರ ಬೀಳುತ್ತದೆ. ಈ ದಂಡೆಯಲ್ಲಿ ಹಿಂದೆ ಟಾಗೋರರು ಓಡಾಡಿದ್ದರು, ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಅವರು ನಡೆದರು, ಓಡಲಿಲ್ಲ. ಬುದ್ಧಿವಂತರು.

ರಂಪಣಿ ಹುಡುಗ

ಮಾಸ್ತರು ಒಂದು ಬಿಟ್ಟರು. ಬಲೆ!

ಬೆಳಿಗ್ಗೆ ನಾವು ಬಲೆ ಎಳೆಯುತ್ತೇವೆ. ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹಾಕಿ ಬರುತ್ತದೆ. ಎರಡೂ ತುದಿಯ ಹಗ್ಗ ದಂಡೆಯಲ್ಲಿ ನಮ್ಮ ಕೈಯಲ್ಲಿ. ಅಷ್ಟರಲ್ಲಿ ನಿಮ್ಮ ನೀಲಿ ಟೀ ಶರ್ಟಿನವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಹಗ್ಗದ ಮೇಲೆ ಹಾರುತ್ತಾರೆ. ಹೋದ ತಿಂಗಳು ಒಬ್ಬರು ಮುಗ್ಗರಿಸಿ ಬಿದ್ದರು. ಎತ್ತಲು ಹೋದವನಿಗೇ "ದಾರಿಯಲ್ಲಿ ಹಗ್ಗ ಯಾಕೆ ಹಾಕಿದ್ದೀರಿ" ಎಂದು ಬೈದರು. ದಾರಿಯಂತೆ! ನಮ್ಮ ಅಜ್ಜನ ಕಾಲದಿಂದ ಅದು ಬಲೆ ಎಳೆಯುವ ಜಾಗ.

ಓಡಿ, ಬೇಡ ಎನ್ನುವುದಿಲ್ಲ. ಹಗ್ಗ ಕಂಡರೆ ನಿಂತು ಎಳೆಯುವವರ ಹಿಂದಿನಿಂದ ಸುತ್ತಿ ಹೋಗಿ. ಕೂಗಿದರೆ ಕೇಳಿಸುವಂತೆ ಒಂದು ಕಿವಿಯಾದರೂ ಖಾಲಿ ಇಡಿ.

ಕಾಳಿ ದಂಡೆ

ಅದು ನಮ್ಮವರೇ ಇರಬೇಕು. ಬಣ್ಣ ಹೊಂದುತ್ತದೆ. 🙏 ನೀವು ಎಷ್ಟು ಗಂಟೆಗೆ ಬರುತ್ತೀರಿ ದಂಡೆಗೆ?

ರಂಪಣಿ ಹುಡುಗ

ನಿಮಗಿಂತ ಮೊದಲೇ. ನಮ್ಮ ಮನೆಯ ಹೆಂಗಸರು ಬುಟ್ಟಿ ಹೊತ್ತು ಅದೇ ಕತ್ತಲ ರಸ್ತೆಯಲ್ಲಿ ಬರುತ್ತಾರೆ. ಅವರಿಗೆ ಗುದ್ದಿದರೆ ಇಲ್ಲಿ ಚರ್ಚೆ ಶುರುವಾಗುತ್ತಿರಲಿಲ್ಲ. ಅದಿರಲಿ.

ಘಟ್ಟದ ಮೇಲಿನವ

ಇದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಕಡೆಯ ಅನುಭವ ಹೇಳುತ್ತೇನೆ, ಉಪಯೋಗವಾಗಬಹುದು. ನಾವು ನಾಲ್ಕು ಜನ ಕುಮಟಾ ರಸ್ತೆಯಲ್ಲಿ ಓಡುತ್ತೇವೆ. ಒಂದು ತಿರುವಿನಲ್ಲಿ ಗಿಡ ಬೆಳೆದು ಎದುರಿನ ಗಾಡಿ ಕಾಣುತ್ತಿರಲಿಲ್ಲ. ಮೊದಲು "ಓಟಗಾರರಿಗೆ ತೊಂದರೆ" ಎಂದು ಮನವಿ ಕೊಟ್ಟೆವು. ನಕ್ಕರು. ಎರಡನೇ ಸಲ ಹಾಲಿನ ಗಾಡಿಯವ, ಶಾಲೆಗೆ ಮಕ್ಕಳನ್ನು ಕಳಿಸುವ ಐದಾರು ಮನೆಯವರು, ತೋಟಕ್ಕೆ ಹೋಗುವವರು ಎಲ್ಲರ ಸಹಿ ಹಾಕಿಸಿದೆವು. ಕಾಗದದಲ್ಲಿ "ಓಟ" ಎಂಬ ಶಬ್ದವೇ ಇರಲಿಲ್ಲ. ಗಿಡ ಸವರಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಬೆಳೆಯಿತು, ಅದು ಬೇರೆ ಮಾತು.

ಅಂದಹಾಗೆ ಬಲಬದಿಯ ನಿಯಮ ಘಟ್ಟದ ತಿರುವಿಗೆ ಪೂರ್ತಿ ನಡೆಯುವುದಿಲ್ಲ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಒಳಬದಿಗೆ ಅಂಟಿಕೊಂಡರೆ ಗಾಡಿಯವನಿಗೆ ನೀವು ಕಾಣುವುದೇ ಇಲ್ಲ. ಅಲ್ಲಿ ಮುಂಚೆಯೇ ನೋಡಿ, ಹೊರಬದಿಗೆ ದಾಟಿಕೊಂಡು, ತಿರುವು ಮುಗಿದ ಮೇಲೆ ವಾಪಸ್ ಬರಬೇಕು.

ಬೆಂಗಳೂರು ಕಾರವಾರಿ

ಹಾಗಾದರೆ ಓಟದ ಕ್ಲಬ್ಬಿನ ಹೆಸರೇ ಹೇಳಬಾರದಾ? ಮಾಡುವುದು ನಾವು, ಹೆಸರು ಯಾರದ್ದೋ?

ಘಟ್ಟದ ಮೇಲಿನವ

ಹೆಸರು ಬೇಕಾ, ಗಿಡ ಸವರಬೇಕಾ, ನೀವೇ ಹೇಳಿ.

ಚೂಡಿದಾರ್ ಓಟಗಾರ್ತಿ

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಹಾಲಿನ ಗಾಡಿಯ ಹಿಂದೆ ಅಡಗಿಕೊಂಡು ಎಷ್ಟು ದಿನ ಕೇಳುವುದು? "ಹೆಂಗಸರು ಬೆಳಿಗ್ಗೆ ಓಡುತ್ತಾರೆ, ಅವರಿಗೆ ದೀಪ ಬೇಕು" ಎಂದು ಕಾಗದದಲ್ಲಿ ಒಮ್ಮೆಯಾದರೂ ಬರೆಯಬೇಕು. ಇಲ್ಲದಿದ್ದರೆ ಓಡುವುದು ಇನ್ನೂ ಶೋಕಿಯಾಗಿಯೇ ಉಳಿಯುತ್ತದೆ. ಎಲ್ಲರ ಹೆಸರೂ ಇರಲಿ, ನಮ್ಮದೂ ಇರಲಿ.

ಘಟ್ಟದ ಮೇಲಿನವ

ಸರಿ ಅಕ್ಕ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಯಲ್ಲಾಪುರದಿಂದ

ನಾನು ದೈಹಿಕ ಶಿಕ್ಷಣ ಶಿಕ್ಷಕ. ಸ್ವಲ್ಪ ಬೇರೆ ವಿಷಯ, ಆದರೂ ಓಡುವವರ ಪರವೇ.

ನಮ್ಮ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಮಕ್ಕಳು ಓಡುವುದನ್ನು ನೋಡಿದವರಿಗೆ ಗೊತ್ತು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟಿತ್ತು. ರಾಷ್ಟ್ರಮಟ್ಟದಲ್ಲಿ ಪದಕ ಬಂತು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಓಟ ಬಿಟ್ಟವರು ಕೂಲಿಗೆ ಹೋದರು. ಮಕ್ಕಳ ಕಾಲಲ್ಲಿ ಕಸುವು ಇಲ್ಲದೆ ಅಲ್ಲ, ಹಿಂದೆ ನಿಲ್ಲುವವರು ಇಲ್ಲದೆ.

ನನ್ನ ಶಾಲೆಯ ಹುಡುಗಿಯೊಬ್ಬಳು ತಾಲೂಕು ಮಟ್ಟ ಗೆದ್ದಳು. ಮುಂದಿನ ಹಂತಕ್ಕೆ ಹೋಗುವ ದಿನ ಮನೆಯಲ್ಲಿ ಕಳಿಸಲಿಲ್ಲ. ಅಲ್ಲಿ ಉಳಿಯುವುದೆಲ್ಲಿ, ಜೊತೆಗೆ ಹೆಂಗಸರು ಯಾರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಉತ್ತರ ಇರಲಿಲ್ಲ. ಕಾರವಾರದಲ್ಲಿ ಒಂದು ಕ್ಲಬ್ ಇದೆ, ಅಲ್ಲಿ ಓಡುವ ಒಬ್ಬರು ಅಕ್ಕನ ಮನೆಯಲ್ಲಿ ರಾತ್ರಿ ಉಳಿಯಬಹುದು ಎಂದಿದ್ದರೆ ಅವಳು ಓಡುತ್ತಿದ್ದಳು. ಇದಕ್ಕೆ ಕಚೇರಿ ಬೇಡ, ಮನವಿ ಬೇಡ.

ಚೂಡಿದಾರ್ ಓಟಗಾರ್ತಿ

ಸರ್, ಮುಂದಿನ ಸಲ ನನಗೆ ಇಲ್ಲೇ ಸಂದೇಶ ಹಾಕಿ. ನಮ್ಮ ಮನೆಯಲ್ಲಿ ಇಬ್ಬರು ಮಲಗಬಹುದು. ಮೂವರಾದರೂ ಅಡ್ಡಿಯಿಲ್ಲ.

ಬನ್ಸ್ ಪ್ರೇಮಿ

ತಿಂಡಿ ನನ್ನ ಲೆಕ್ಕ. ತಮಾಷೆಯಲ್ಲ.

ಸುಮ್ನೆ ಕೂತವ

ಇದೆಲ್ಲ ಸರಿ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಇಷ್ಟು ವರ್ಷದಿಂದ ಕೂಗುತ್ತಿದ್ದೇವೆ. ದೊಡ್ಡ ಪೆಟ್ಟಾದರೆ ಇವತ್ತಿಗೂ ಗೋವಾ, ಹುಬ್ಬಳ್ಳಿ, ಮಂಗಳೂರು ಎಂದು ಓಡಬೇಕು. ಮೊದಲು ಅದನ್ನು ಕೇಳಿ. ಆಮೇಲೆ ದೀಪ, ಶೌಚಾಲಯ.

ಸದಾಶಿವಗಡದಾಚೆ

ಮೊದಲ ಸಲ ನಿಮ್ಮ ಮಾತಿಗೆ ಒಪ್ಪಿದೆ. ಆದರೆ "ಮೊದಲು ಅದು" ಎನ್ನುವುದನ್ನು ಒಪ್ಪಲಿಲ್ಲ.

ನಿರ್ವಾಹಕ

ಆಸ್ಪತ್ರೆಯ ಬಗ್ಗೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿ ಬರೆಯಿರಿ. ಇಲ್ಲಿ ಓಟ.

ಕಪ್ಪು ಕೋಟು

ಕೆಲಸದ ಮಾತಿಗೆ ಬರುತ್ತೇನೆ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಕಾಗದ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲು ತಕರಾರು ಮಾಡಿದರೆ ಸ್ಪೀಡ್ ಪೋಸ್ಟ್ ಹಾಕಿ. ರಾಜ್ಯದ ಇಲಾಖೆಗಳ ಬಗ್ಗೆ 1902ಕ್ಕೆ ಫೋನ್ ಮಾಡಿದರೆ ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ. ರಾಷ್ಟ್ರೀಯ ಹೆದ್ದಾರಿಯದಾದರೆ 1033.

"ನಮ್ಮದಲ್ಲ" ಎನ್ನುವವರಿಗೆ ಔಷಧ ಮಾಹಿತಿ ಹಕ್ಕು. "ಇಂಥ ಜಾಗದಿಂದ ಇಂಥ ಜಾಗದವರೆಗಿನ ಬೀದಿದೀಪಗಳ ನಿರ್ವಹಣೆ ಯಾರದ್ದು, ಟೈಮರ್ ಯಾವ ಹೊತ್ತಿಗೆ ಇಟ್ಟಿದೆ" ಎಂದು ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು. ಈ ಚರ್ಚೆಯಲ್ಲಿ ಬರೆದಂತೆ ಬರೆದರೆ ವಾಪಸ್ ಬರುತ್ತದೆ.

ನಿವೃತ್ತ ಮಾಸ್ತರ್

ಟೈಮರ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಲ್ಲಿ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ. ಜನವರಿಯಲ್ಲಿ ಏಳು ದಾಟುತ್ತದೆ. ಒಂದು ಗಂಟೆಯ ವ್ಯತ್ಯಾಸ. ಪೂರ್ವಕ್ಕೆ ಗುಡ್ಡ ಇರುವುದರಿಂದ ನಮಗೆ ಬಿಸಿಲು ಕಾಣುವುದು ಇನ್ನೂ ತಡ. ವರ್ಷಪೂರ್ತಿ ಒಂದೇ ಹೊತ್ತಿಗೆ ದೀಪ ಆರಿಸಿದರೆ ಚಳಿಗಾಲದಲ್ಲಿ ಕತ್ತಲೇ ಗತಿ. ಹೊಸ ದೀಪ ಕೇಳಬೇಡಿ. ಇರುವ ದೀಪದ ಟೈಮರ್ ಬದಲಿಸಿ ಎಂದು ಕೇಳಿ. ಕಚೇರಿಯವರಿಗೂ ಖರ್ಚಿಲ್ಲ, ಇಲ್ಲ ಎನ್ನಲು ಕಷ್ಟ. ಪಂಚಾಂಗದ ಪುಟ ಜೊತೆಗೆ ಲಗತ್ತಿಸಿ.

1600 ಮೀಟರ್

ಮಾಸ್ತರ್ ಸೂಪರ್.

ಕಂಬಕ್ಕೆ ನಂಬರ್ ಬರೆದಿರುತ್ತದೆ. ನಾವು ಹುಡುಗರು ನಾಳೆ ಓಡುವಾಗಲೇ ಒಂದೊಂದರ ಫೋಟೋ ತೆಗೆಯುತ್ತೇವೆ. ಯಾವುದು ಎಷ್ಟು ಗಂಟೆಗೆ ಆರುತ್ತದೆ ಎಂದು ಬರೆದು ಕೊಡುತ್ತೇವೆ. ಮೂರು ದಿನ ಮಾಡಿದರೆ ಸಾಕು ಅಲ್ವಾ?

ಕಪ್ಪು ಕೋಟು

ಒಂದು ವಾರ ಮಾಡಿ. ಮೂರು ದಿನಕ್ಕೆ "ಅವತ್ತು ಏನೋ ತೊಂದರೆ ಆಗಿತ್ತು" ಎನ್ನುತ್ತಾರೆ.

ಬೆಂಗಳೂರು ಕಾರವಾರಿ

ಇದನ್ನೆಲ್ಲ ಮಾಡಲು ಕ್ಲಬ್ಬನ್ನು ನೋಂದಣಿ ಮಾಡಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಾಕು. ಲೆಟರ್‌ಹೆಡ್ ಇದ್ದರೆ ಮಾತಿಗೆ ತೂಕ. ನಾನು ಹಣ ಕೊಡುತ್ತೇನೆ.

ಸದಾಶಿವಗಡದಾಚೆ

ಬೇಡವೇ ಬೇಡ. ನೋಂದಣಿ ಆದ ತಕ್ಷಣ ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ, ಶಾಲು, ಹಾರ. ಎರಡನೇ ವರ್ಷ ಎರಡು ಸಂಘ. ನಮ್ಮ ಕಡೆಯ ಒಂದು ಭಜನಾ ಮಂಡಳಿ ಹೀಗೇ ಆಗಿ ಈಗ ತಾಳ ಒಬ್ಬರ ಮನೆಯಲ್ಲಿ, ಹಾರ್ಮೋನಿಯಂ ಇನ್ನೊಬ್ಬರ ಮನೆಯಲ್ಲಿ.

ಬನ್ಸ್ ಪ್ರೇಮಿ

😂😂 ಮೃದಂಗ?

ಸದಾಶಿವಗಡದಾಚೆ

ಅದು ಸಾಲದಲ್ಲಿದೆ.

ಕಾಳಿ ದಂಡೆ

ನಾಲ್ಕು ದಿನದಿಂದ ಬರೆಯಲಿಲ್ಲ, ಸುತ್ತಾಟವಿತ್ತು. ಆದದ್ದು ಹೇಳುತ್ತೇನೆ.

ಪೊಲೀಸ್ ದೂರು ಕೊಟ್ಟೆವು. ವಕೀಲರು ಹೇಳಿದ ಪರಿಹಾರದ ಅರ್ಜಿ ಸಿದ್ಧ ಮಾಡುತ್ತಿದ್ದೇವೆ. ಗಾಯಾಳು ಒಂದೇ ಕೈಯಲ್ಲಿ ಈ ಚರ್ಚೆ ಪೂರ್ತಿ ಓದಿದ್ದಾರೆ. "ಎಡಬದಿ ಓಡಿದ್ದು ನನ್ನ ತಪ್ಪು, ಆದರೆ ಟೀ ಶರ್ಟ್ ಬಣ್ಣಕ್ಕೆ ನಾನು ವೋಟ್ ಹಾಕಿರಲಿಲ್ಲ" ಎಂದು ಬರೆಯಲು ಹೇಳಿದ್ದಾರೆ.

ದೀಪದ ಕಾಗದ ಬರೆದಾಯಿತು. ಒಂದೇ ವಿಷಯ, ಟೈಮರ್. ಹುಡುಗರು ಕೊಟ್ಟ ಕಂಬದ ಪಟ್ಟಿ ಜೊತೆಗಿದೆ. ವಾರ ತುಂಬಲು ಇನ್ನು ಎರಡು ದಿನ ಬೇಕು. ಸಹಿ ಹಾಕಿದವರಲ್ಲಿ ನಮ್ಮ ಕ್ಲಬ್ಬಿನವರಿಗಿಂತ ಹೊರಗಿನವರೇ ಜಾಸ್ತಿ. ಮೀನು ಬುಟ್ಟಿಯ ಅಮ್ಮಂದಿರಲ್ಲಿ ಇಬ್ಬರು ಹೆಬ್ಬೆಟ್ಟು ಒತ್ತಿದರು. ಒಬ್ಬರು "ದೀಪ ಬರುತ್ತದೋ ಬಿಡುತ್ತದೋ, ಮೊದಲು ಬಂಗಡೆ ತಗೊಳ್ಳಿ" ಎಂದರು. ತಗೊಂಡೆ. ಹೆಂಗಸರ ಓಟದ ಮಾತನ್ನು ಅಕ್ಕ ಹೇಳಿದಂತೆ ಎರಡನೇ ಸಾಲಿನಲ್ಲೇ ಬರೆದಿದ್ದೇವೆ. ಶೌಚಾಲಯಕ್ಕೆ ಬೇರೆ ಕಾಗದ, ಅದನ್ನು ಅಕ್ಕ ಮತ್ತು ಅವರ ತಂಗಿ ಬರೆಯುತ್ತಾರೆ.

ನಮ್ಮ ಗುಂಪಲ್ಲಿ ಇಬ್ಬರು ಬಿಟ್ಟು ಹೋದರು. "ಇದು ಓಟದ ಕ್ಲಬ್ಬಾ, ಯೂನಿಯನ್ನಾ" ಎಂದು ಕೇಳಿದರು. ಬೇಜಾರಾಯಿತು. ಹಳೇ ಸ್ನೇಹಿತರು. ಶುಲ್ಕದ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ. ತಯಾರಿಯ ಹುಡುಗರಿಗೆ ಬೇಡ ಎಂದು ನಾನು, ಹತ್ತು ರೂಪಾಯಿಯಾದರೂ ಇರಲಿ ಎಂದು ಇನ್ನೊಬ್ಬರು.

1600 ಮೀಟರ್

ಹತ್ತು ರೂಪಾಯಿ ಕೊಡುತ್ತೇವೆ. ಪುಕ್ಕಟೆ ಬೇಡ. ಆದರೆ ಆ ನೀಲಿ ಟೀ ಶರ್ಟ್ ಹಾಕುವುದಿಲ್ಲ.

ಚೂಡಿದಾರ್ ಓಟಗಾರ್ತಿ

ಗಿಳಿಹಸಿರು ಮಾಡಿ. ಕಣ್ಣಿಗೆ ಚುಚ್ಚಲಿ.

ನಿವೃತ್ತ ಮಾಸ್ತರ್

ಕಾಗದದಲ್ಲಿ "ಸೂರ್ಯೋದಯ" ಸರಿಯಾಗಿ ಬರೆದಿದ್ದೀರಾ? ಕೊಡುವ ಮೊದಲು ನನಗೆ ಒಮ್ಮೆ ತೋರಿಸಿ.

ರಂಪಣಿ ಹುಡುಗ

ನಾಳೆ ಬೆಳಿಗ್ಗೆ ಕೋಡಿಬಾಗದ ತುದಿಯಲ್ಲಿ ಬಲೆ ಎಳೆಯುವುದಿದೆ. ಮರಳಿನ ಮೇಲೆ ಬರುವವರು ಅಲ್ಲಿಗಿಂತ ಮೊದಲೇ ವಾಪಸ್ ತಿರುಗಿ. ಇಲ್ಲ, ಬಂದೇ ಬರುತ್ತೇವೆ ಅನ್ನುವುದಾದರೆ ಹಗ್ಗ ಹಿಡಿಯಲು ಎರಡು ಜನ ಕಮ್ಮಿ ಇದ್ದಾರೆ.

1600 ಮೀಟರ್

ನಾವು ಮೂವರು ಬರುತ್ತೇವೆ. ಎಷ್ಟು ಗಂಟೆಗೆ?

ರಂಪಣಿ ಹುಡುಗ

ಐದಕ್ಕೆ. ಬ್ಯಾಟರಿ ತನ್ನಿ, ದೀಪ ಇರುವುದಿಲ್ಲ.